ಬೆನ್ನಿನ ನೀರು, ತಲೆಯ ಸ್ಕ್ಯಾನು

ನಮ್ಮ ಕಡೆ ಆಸ್ಪತ್ರೆಯ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ. ಬೆನ್ನಿನಿಂದ ನೀರು ತೆಗೆಸಿದರೆ ಕಾಲಿನ ಬಲ ಹೋಗುತ್ತದೆ ಎನ್ನುವುದು ಒಂದು. ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಎನ್ನುವುದು ಇನ್ನೊಂದು. ಕಾಪುವಿನ ಮೀನು ಮಾರ್ಕೆಟಿನಲ್ಲಿ, ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ, ಉಡುಪಿಯ ಮದುವೆ ಹಾಲ್‌ಗಳಲ್ಲಿ ಯಾರದಾದರೂ ಕಾಯಿಲೆಯ ಸುದ್ದಿ ಎದ್ದರೆ ಇವೆರಡರಲ್ಲಿ ಒಂದಾದರೂ ಕೇಳಿಸುತ್ತದೆ. ಚಿಕ್ಕ ಮಗುವಿಗೆ ಜ್ವರದಲ್ಲಿ ಮೊದಲ ಸಲ ಫಿಟ್ಸ್ ಬಂದಾಗ ಎರಡೂ ಮಾತುಗಳು ಒಟ್ಟಿಗೇ ಹಾಸಿಗೆಯ ಪಕ್ಕ ಬಂದು ನಿಲ್ಲುತ್ತವೆ. ಬೇಕಾಗಬಹುದಾದ ಪರೀಕ್ಷೆಗೆ ನಾವು ಹೆದರುತ್ತೇವೆ, ಬೇಡದ ಪರೀಕ್ಷೆಗೆ ಹಟ ಹಿಡಿಯುತ್ತೇವೆ. ಕಳೆದ ವರ್ಷದ ಆಟಿ ತಿಂಗಳಲ್ಲಿ ಅಕ್ಕನ ಮಗುವಿನ ವಿಷಯದಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದೆ.

ನಾನು ಮಣಿಪಾಲದಲ್ಲಿ ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಕಾರ್ಕಳ. ಅಕ್ಕನನ್ನು ಕೊಟ್ಟದ್ದು ಕಾಪುವಿಗೆ. ಅವಳ ಎರಡನೆಯ ಮಗುವಿಗೆ ಆಗ ಹತ್ತು ತಿಂಗಳು. ರಾತ್ರಿ ಒಂದೂಕಾಲಿಗೆ ಹಾಸ್ಟೆಲಿನಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅಕ್ಕನ ದನಿ ಇರಲಿಲ್ಲ, ಹಿಂದೆ ಮಳೆಯ ಸದ್ದು, ಭಾವನ ತಮ್ಮ ಕಾರು ಸ್ಟಾರ್ಟ್ ಮಾಡುವ ಸದ್ದು ಇತ್ತು. ಆಮೇಲೆ ಭಾವ ಹೇಳಿದರು, "ಮಗುವಿಗೆ ಫಿಟ್ಸ್ ಬಂತು. ನಾವು ಹೊರಟೆವು. ನೀನು ಆಸ್ಪತ್ರೆ ಹತ್ತಿರ ಬಾ." ಕಾಪುವಿನಿಂದ ಮಣಿಪಾಲಕ್ಕೆ ರಾತ್ರಿ ಹೊತ್ತಿನಲ್ಲಿ ಅರ್ಧ ಗಂಟೆಯೂ ಬೇಡ. ನಾನು ಕೊಡೆ ಹಿಡಿದು ನಡೆದುಕೊಂಡು ಹೋಗಿ ತುರ್ತು ವಿಭಾಗದ ಬಾಗಿಲಲ್ಲಿ ನಿಂತಿದ್ದೆ. ಕಾರು ಬಂದು ನಿಂತಾಗ ಮಗು ಅಳುತ್ತಿತ್ತು. ಆ ಅಳು ಕೇಳಿ ಆದ ಸಮಾಧಾನವನ್ನು ಈಗಲೂ ಹೇಳಲು ಬರುವುದಿಲ್ಲ. ಅಕ್ಕನ ಅತ್ತೆಯ ಮುಷ್ಟಿಯಲ್ಲಿ ದನದ ಹಟ್ಟಿಯ ಕಬ್ಬಿಣದ ಕೀಲಿಕೈ ಇತ್ತು. ಫಿಟ್ಸ್ ಬಂದಾಗ ಮಗುವಿನ ಕೈಗೆ ಒತ್ತಿ ಹಿಡಿದದ್ದನ್ನು ದಾರಿಯುದ್ದಕ್ಕೂ ಅವರು ಬಿಟ್ಟಿರಲಿಲ್ಲ.

ರಾತ್ರಿ ಡ್ಯೂಟಿಯ ಡಾಕ್ಟರ್ ನನ್ನ ವಯಸ್ಸಿನವರೇ ಇರಬೇಕು. ಅವರು ಯಂತ್ರದ ಹತ್ತಿರ ಹೋಗಲಿಲ್ಲ. ಮಗುವನ್ನು ಅಕ್ಕನ ಮಡಿಲಲ್ಲೇ ಬಿಟ್ಟು, ಕಣ್ಣಿಗೆ ಟಾರ್ಚ್ ಹಿಡಿದರು, ನೆತ್ತಿಯನ್ನು ಮೆಲ್ಲಗೆ ಮುಟ್ಟಿ ಉಬ್ಬಿದೆಯೇ ನೋಡಿದರು, ಕುತ್ತಿಗೆ ಬಾಗುತ್ತದೆಯೇ ನೋಡಿದರು. ಕಿವಿ, ಗಂಟಲು, ಮೈಮೇಲಿನ ಚರ್ಮ ನೋಡಿದರು. ಆಮೇಲೆ ಪ್ರಶ್ನೆಗಳು ಶುರುವಾದವು.

"ಎಷ್ಟು ಹೊತ್ತು ಬಂತು?"

"ಅರ್ಧ ಗಂಟೆ ಇದ್ದೀತು ಡಾಕ್ಟ್ರೇ," ಎಂದರು ಭಾವ.

"ನಿಮ್ಮ ಮೊಬೈಲ್ ಕೊಡಿ." ಕರೆಗಳ ಪಟ್ಟಿ ತೆಗೆಸಿದರು. ಫಿಟ್ಸ್ ಕಂಡ ಕೂಡಲೇ ಭಾವ ಮಾಳಿಗೆಯಲ್ಲಿ ಮಲಗಿದ್ದ ತಮ್ಮನಿಗೆ ಫೋನ್ ಮಾಡಿದ್ದು 1:12ಕ್ಕೆ. ನನಗೆ ಮಾಡಿದ್ದು 1:16ಕ್ಕೆ. ನನ್ನ ಹತ್ತಿರ ಮಾತಾಡುವಾಗ ಕೈಕಾಲಿನ ಅದುರು ನಿಂತಿತ್ತೇ? ನಿಂತಿತ್ತು, ಮೈ ಮೆತ್ತಗಾಗಿತ್ತು. ಹಾಗಾದರೆ ನಾಲ್ಕು ನಿಮಿಷದ ಒಳಗೆ. ಎರಡೂ ಕೈ, ಎರಡೂ ಕಾಲು ಅದುರಿತೇ, ಒಂದೇ ಬದಿಯೇ? ಎರಡೂ. ಒಂದೇ ಸಲವೇ? ಒಂದೇ ಸಲ. ಆಮೇಲೆ ಮಗು ತಾಯಿಯನ್ನು ಗುರುತಿಸಿತೇ? ಕಾರಿನಲ್ಲೇ ಹಾಲಿಗೆ ಹುಡುಕಿತು.

ಈ ಪ್ರಶ್ನೆಗಳೆಲ್ಲ ಉಪಚಾರದ ಮಾತು ಎಂದು ಭಾವ ತಿಳಿದಿದ್ದರು. ಪರೀಕ್ಷೆ ಇನ್ನು ಮುಂದೆ ಶುರುವಾಗುತ್ತದೆ ಎಂದು ಕಾಯುತ್ತಿದ್ದರು. ನಿಜವಾಗಿ ಪರೀಕ್ಷೆಯ ದೊಡ್ಡ ಪಾಲು ಅಲ್ಲೇ ಮುಗಿಯುತ್ತಿತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ, ಜ್ವರದ ಜೊತೆಯಲ್ಲಿ, ಇಡೀ ಮೈಗೆ, ಹದಿನೈದು ನಿಮಿಷ ಮೀರದೆ, 24 ಗಂಟೆಗಳಲ್ಲಿ ಒಂದೇ ಸಲ ಫಿಟ್ಸ್ ಬಂದರೆ ಅದನ್ನು ವೈದ್ಯರು ಜ್ವರದ ಸರಳ ಫಿಟ್ಸ್ ಎನ್ನುತ್ತಾರೆ. ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುವಷ್ಟು ಸಾಮಾನ್ಯ ಸಂಗತಿ ಅದು. ಒಂದೇ ಬದಿಗೆ ಬಂದರೆ, ಹದಿನೈದು ನಿಮಿಷ ದಾಟಿದರೆ, ಒಂದೇ ದಿನ ಮತ್ತೆ ಬಂದರೆ ಲೆಕ್ಕ ಬೇರೆ, ತಪಾಸಣೆಯೂ ಬೇರೆ. ಅಂದರೆ ಯಾವ ಪರೀಕ್ಷೆ ಬೇಕು ಯಾವುದು ಬೇಡ ಎಂಬುದನ್ನು ಮೊದಲು ನಿರ್ಧರಿಸುವುದು ಮನೆಯವರು ಕಂಡದ್ದು ಮತ್ತು ಮನೆಯ ಗಡಿಯಾರ. ಫಿಟ್ಸ್ ನೋಡುತ್ತಾ ನಿಂತವರಿಗೆ ನಾಲ್ಕು ನಿಮಿಷ ಅರ್ಧ ಗಂಟೆಯಂತೆಯೇ ಕಾಣುತ್ತದೆ. ಅದಕ್ಕೇ ಗಡಿಯಾರ ಬೇಕು.

ಮುಂದಿನ ಪ್ರಶ್ನೆ ಮನೆಯವರ ಬಗ್ಗೆ ಬಂತು. ತಂದೆ ತಾಯಿ ಯಾರಿಗಾದರೂ ಸಣ್ಣದಿರುವಾಗ ಹೀಗೆ ಆಗಿತ್ತೇ? ಭಾವ ಇಲ್ಲ ಎಂದರು. ಅಕ್ಕ ಇಲ್ಲ ಎಂದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನಿಗೆ ಆಗಿತ್ತು," ಎಂದು ಮಗನ ಕಡೆ ನೋಡದೆ ಹೇಳಿದರು. "ಒಂದೂವರೆ ವರ್ಷ ಇರುವಾಗ. ಬಾಲಗ್ರಹ ಅಂತ ಹೇಳಿದ್ರು. ಹೊಟ್ಟೆಗೆ ಬರೆ ಹಾಕಿಸಿದ್ದು."

ಭಾವನ ಹೊಟ್ಟೆಯ ಮೇಲೆ ಉದ್ದಿನ ಕಾಳಿನಷ್ಟು ದೊಡ್ಡದಾದ ಎರಡು ಕಲೆಗಳಿವೆ. ಸಣ್ಣದಿರುವಾಗ ಬಿಸಿ ಎಣ್ಣೆ ಹಾರಿದ್ದು ಎಂದೇ ಅವರು ಮೂವತ್ತೈದು ವರ್ಷ ನಂಬಿದ್ದರು. ಮದುವೆಯ ಮಾತುಕತೆಯ ಹೊತ್ತಿಗೆ ಈ ವಿಷಯ ಬಾಯಿ ಬಿಡದೆ ಇದ್ದದ್ದಕ್ಕೆ ಅತ್ತೆಯನ್ನು ದೂರುವಂತಿಲ್ಲ. ಫಿಟ್ಸ್ ಇದ್ದ ಮನೆ ಎಂದರೆ ಸಂಬಂಧ ಮುರಿದುಹೋಗುವ ಕಾಲ ಅದು. ಈಗಲೂ ಪೂರ್ತಿ ಹೋಗಿಲ್ಲ. ಡಾಕ್ಟರಿಗೆ ಮಾತ್ರ ಆ ಉತ್ತರದಿಂದ ಸಮಾಧಾನವಾದಂತೆ ಕಂಡಿತು. ಜ್ವರದ ಫಿಟ್ಸ್ ಮನೆತನದಲ್ಲಿ ಹರಿದು ಬರುತ್ತದೆ. ತಂದೆಗೆ ಬಂದಿತ್ತು, ಅವರು ಆರೋಗ್ಯವಾಗಿ ಬೆಳೆದು ಎದುರಿಗೆ ನಿಂತಿದ್ದಾರೆ. ಮಗುವಿಗೂ ಅದೇ ಆಗಿರುವ ಸಾಧ್ಯತೆ ಹೆಚ್ಚಿತು.

ಬಾಲಗ್ರಹ ಎನ್ನುವ ಪದಕ್ಕೆ ಬಹಳ ವಯಸ್ಸಾಗಿದೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳ ವಿವರವಿದೆ. ಅವುಗಳಲ್ಲಿ ಒಂದರ ಹೆಸರೇ ಸ್ಕಂದಾಪಸ್ಮಾರ. ಮಗು ಕಣ್ಣು ಮೇಲೆ ಮಾಡಿ, ನೊರೆ ಬಿಟ್ಟು, ಕೈಕಾಲು ಸೆಟೆದುಕೊಂಡಾಗ ಯಾರೋ ಹಿಡಿದರು ಎಂದು ಅನ್ನಿಸದೆ ಇರುವುದು ಕಷ್ಟ. ಹಿಡಿದವರನ್ನು ಬಿಡಿಸಲು ಏನಾದರೂ ಮಾಡಲೇಬೇಕು. ಕೀಲಿಕೈ, ಮೂಗಿಗೆ ಈರುಳ್ಳಿ, ಬರೆ. ಬರೆ ಹಾಕಿದ ಮೇಲೆ ಫಿಟ್ಸ್ ನಿಂತೇ ನಿಲ್ಲುತ್ತಿತ್ತು, ಏಕೆಂದರೆ ಅದು ತಾನಾಗಿಯೇ ನಿಲ್ಲುವಂಥದ್ದು. ಬರೆಗೆ ಹೆಸರು ಬಂತು, ಮಗುವಿಗೆ ಕಲೆ ಉಳಿಯಿತು.

ಕೊನೆಯ ಎರಡು ಪ್ರಶ್ನೆಗಳಲ್ಲಿ ಆ ರಾತ್ರಿಯ ದಿಕ್ಕು ಬದಲಾಯಿತು. "ತಾಯಿ ಕಾರ್ಡ್ ತಂದಿದ್ದೀರಾ?" ಅಕ್ಕ ಹಾಲಿನ ಬಾಟಲಿ ಮರೆತಿದ್ದಳು, ಕಾರ್ಡ್ ಮರೆತಿರಲಿಲ್ಲ. ಉಡುಪಿಯ ಸರ್ಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಹುಟ್ಟಿದ ದಿನದ ಲಸಿಕೆಯಿಂದ ಹಿಡಿದು ಎಲ್ಲ ಅದರಲ್ಲಿತ್ತು. ಆರು, ಹತ್ತು, ಹದಿನಾಲ್ಕು ವಾರದ ಪೆಂಟಾವೇಲೆಂಟ್ ಆಗಿತ್ತು. ಒಂಬತ್ತನೆಯ ತಿಂಗಳ ಚೌಕಗಳು ಖಾಲಿ. ಆಗ ಮಗುವಿಗೆ ಶೀತ ಇತ್ತು, ಮುಂದಿನ ತಿಂಗಳು ಹಾಕಿಸುವ ಎಂದು ಬಿಟ್ಟಿದ್ದರು. "ಜ್ವರಕ್ಕೆ ಏನು ಔಷಧಿ ಕೊಟ್ಟಿರಿ?" ಪ್ಯಾರಾಸಿಟಮಾಲ್ ಎಂದಳು ಅಕ್ಕ. ಮತ್ತೆ? ಅಕ್ಕ ನೆಲ ನೋಡಿದಳು. ದೊಡ್ಡವನಿಗೆ ಹಿಂದಿನ ತಿಂಗಳು ತಂದಿದ್ದ ಆಂಟಿಬಯೊಟಿಕ್ ಸಿರಪ್ ಉಳಿದಿತ್ತು, ಅದನ್ನು ಎರಡು ದಿನದಿಂದ ಅರ್ಧರ್ಧ ಚಮಚ ಕೊಟ್ಟಿದ್ದಳು.

ಡಾಕ್ಟರ್ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. "ನೋಡಿ, ಇದು ಜ್ವರದ ಫಿಟ್ಸೇ ಇರಬೇಕು, ಮಗು ಚುರುಕಾಗಿದೆ. ಆದರೆ ನಾನು ತಪ್ಪಿಸಿಕೊಳ್ಳಲು ಬಿಡಬಾರದ ಒಂದು ಕಾಯಿಲೆ ಇದೆ. ಮೆನಿಂಜೈಟಿಸ್. ಮಿದುಳಿನ ಪೊರೆಯ ಸೋಂಕು. ದೊಡ್ಡ ಮಕ್ಕಳಲ್ಲಿ ಕುತ್ತಿಗೆ ಬಿಗಿಯಾಗುತ್ತದೆ, ನಮಗೆ ತಿಳಿಯುತ್ತದೆ. ಒಂದು ವರ್ಷದೊಳಗಿನ ಮಗುವಿನಲ್ಲಿ ಹಾಗೆ ತೋರದೆಯೂ ಇರಬಹುದು. ಎರಡು ದಿನದ ಆಂಟಿಬಯೊಟಿಕ್ ಲಕ್ಷಣಗಳನ್ನು ಇನ್ನಷ್ಟು ಮುಚ್ಚಿರಬಹುದು. ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡುವುದು ಒಳ್ಳೆಯದು. ಇಲ್ಲವಾದರೆ ಇಲ್ಲೇ ಇಟ್ಟುಕೊಂಡು ಗಂಟೆಗಂಟೆಗೆ ನೋಡುತ್ತಾ ಇರಬೇಕು. ನನ್ನ ಮಗುವಾದರೆ ನಾನು ಮಾಡಿಸುತ್ತಿದ್ದೆ."

ಬೆನ್ನಿನ ನೀರು ಎಂಬ ಮಾತು ಬಿದ್ದ ಕೂಡಲೇ ಅತ್ತೆ ಮಗುವನ್ನು ಅಕ್ಕನ ಕೈಯಿಂದ ಎತ್ತಿಕೊಂಡರು. "ಬೇಡ ಮಗಾ, ಕಾಲು ಹೋಗ್ತದೆ," ಎಂದರು. ಭಾವ ಕೈ ಮುಗಿದರು. "ಡಾಕ್ಟ್ರೇ, ಮೊದಲು ತಲೆ ಸ್ಕ್ಯಾನ್ ಮಾಡಿ. ಎಷ್ಟಾದರೂ ಆಗಲಿ. ಅದರಲ್ಲಿ ಏನಾದರೂ ಉಂಟಾದರೆ ಮತ್ತೆ ನೋಡುವ."

ಎಷ್ಟಾದರೂ ಆಗಲಿ ಎಂದವರು ಬಂಗುಡೆ ಸೀಸನ್ ಮುಗಿದು ಬೋಟು ದಡದಲ್ಲಿ ನಿಂತ ತಿಂಗಳಿನ ಮನುಷ್ಯ. ಮಳೆಗಾಲದ ರಜೆಯಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ಆದರೂ ಸ್ಕ್ಯಾನಿಗೆ ಸಾಲ ಮಾಡಲು ತಯಾರಿದ್ದರು. ಪ್ರೀತಿಯನ್ನು ತೋರಿಸಲು ನಮಗೆ ಈಗ ಇರುವ ದಾರಿ ಅದು. ಡಾಕ್ಟರ್ ಹೇಳಿದ್ದು ಇಷ್ಟು: ನನಗಿರುವ ಅನುಮಾನವನ್ನು ಸ್ಕ್ಯಾನ್ ಪರಿಹರಿಸುವುದಿಲ್ಲ. ಮೆನಿಂಜೈಟಿಸ್ ಇರುವ ಮಗುವಿನ ಸಿಟಿ ಸ್ಕ್ಯಾನ್ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ. ಸರಿಯಿದೆ ಎಂದು ನಾವು ಮನೆಗೆ ಹೋಗುತ್ತೇವೆ. ಮಗುವಿಗೆ ಸಿಕ್ಕುವುದು ವಿಕಿರಣ ಮಾತ್ರ.

ಅಕ್ಕ ನನ್ನ ಕಡೆ ತಿರುಗಿ, "ನೀನು ಲೆಕ್ಕ ಓದಿದವಳಲ್ಲ, ಹೇಳು," ಎಂದಳು.

ನನಗೆ ತಿಳಿದ ಲೆಕ್ಕ ಎರಡು ಕಡೆಗೂ ಎಳೆಯುವಂಥದ್ದು. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯೊಂದರ ದಾಖಲೆಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಆರರಿಂದ ಹದಿನೆಂಟು ತಿಂಗಳಿನ, ಮೊದಲ ಸಲ ಜ್ವರದ ಸರಳ ಫಿಟ್ಸ್ ಬಂದ 704 ಮಕ್ಕಳು. ಅವರಲ್ಲಿ 260 ಮಕ್ಕಳ ಬೆನ್ನಿನ ನೀರು ತೆಗೆದು ನೋಡಲಾಗಿತ್ತು. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಒಂದು ಮಗುವಿನಲ್ಲೂ ಸಿಗಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1996ರಲ್ಲಿ, ವರ್ಷದೊಳಗಿನ ಇಂಥ ಮಗುವಾದರೆ ಬೆನ್ನಿನ ನೀರಿನ ಪರೀಕ್ಷೆಯನ್ನು ಬಲವಾಗಿ ಪರಿಗಣಿಸಬೇಕು ಎಂದಿತ್ತು. 2011ರಲ್ಲಿ ಅದನ್ನು ಸಡಿಲಿಸಿತು. ಮೆನಿಂಜೈಟಿಸ್ಸಿನ ಲಕ್ಷಣ ಕಂಡರೆ ಮಾಡಲೇಬೇಕು; ಆರರಿಂದ ಹನ್ನೆರಡು ತಿಂಗಳ ಮಗುವಿಗೆ ಲಸಿಕೆ ಪೂರ್ತಿಯಾಗಿರದಿದ್ದರೆ ಅಥವಾ ಆಗಿದೆಯೋ ಇಲ್ಲವೋ ತಿಳಿಯದಿದ್ದರೆ, ಇಲ್ಲವೇ ಮೊದಲೇ ಆಂಟಿಬಯೊಟಿಕ್ ಕೊಟ್ಟಿದ್ದರೆ, ಅದು ವೈದ್ಯರ ಕೈಯಲ್ಲಿರುವ ಒಂದು ಆಯ್ಕೆ; ಉಳಿದವರಿಗೆ ಬೇಡ.

ನಡುವಿನ ಹದಿನೈದು ವರ್ಷಗಳಲ್ಲಿ ಬದಲಾದದ್ದು ಮುಖ್ಯವಾಗಿ ಲಸಿಕೆ. ಚಿಕ್ಕ ಮಕ್ಕಳಲ್ಲಿ ಮೆನಿಂಜೈಟಿಸ್ ತರುತ್ತಿದ್ದ ಎರಡು ದೊಡ್ಡ ಬ್ಯಾಕ್ಟೀರಿಯಾಗಳು ಹಿಬ್ ಮತ್ತು ನ್ಯುಮೊಕಾಕಸ್. ಹಿಬ್ ಲಸಿಕೆ ಪೆಂಟಾವೇಲೆಂಟಿನ ಐದರಲ್ಲಿ ಒಂದು. ಕರ್ನಾಟಕದ ಸರ್ಕಾರಿ ಪಟ್ಟಿಗೆ ಅದು ಸೇರಿದ್ದು 2013ರ ಸುಮಾರಿಗೆ. ನ್ಯುಮೊಕಾಕಲ್ ಲಸಿಕೆ ದೇಶದ ಎಲ್ಲ ಕಡೆಗೆ ಬಂದದ್ದು 2021ರಲ್ಲಿ, ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು. ಅಂಗನವಾಡಿಯಲ್ಲಿ ತೊಡೆಗೆ ಹಾಕುವ ಒಂದು ಸೂಜಿ, ಆಸ್ಪತ್ರೆಯಲ್ಲಿ ಬೆನ್ನಿಗೆ ಹಾಕುವ ಇನ್ನೊಂದು ಸೂಜಿಯನ್ನು ಎಷ್ಟೋ ಮಕ್ಕಳ ಪಾಲಿಗೆ ತಪ್ಪಿಸಿದೆ. ಡಾಕ್ಟರ್ ಮೊದಲು ತಾಯಿ ಕಾರ್ಡ್ ಕೇಳಿದ್ದು ಇದಕ್ಕೆ.

ನಮ್ಮ ಮಗು ಮಾತ್ರ ಎರಡೂ ಷರತ್ತಿನೊಳಗೆ ಬರುತ್ತಿತ್ತು. ಒಂದು ಚೌಕ ಖಾಲಿ, ಎರಡು ದಿನದ ಸಿರಪ್. ನಾನು ಅಕ್ಕನಿಗೆ ಸಣ್ಣ ದನಿಯಲ್ಲಿ ಹೇಳಿದೆ: "ಕಾಯಿಲೆ ಇರುವ ಸಾಧ್ಯತೆ ತುಂಬಾ ಕಡಿಮೆ. ಆದರೆ ಇದ್ದು ನಾವು ನೋಡದೆ ಬಿಟ್ಟರೆ ಆಗುವ ನಷ್ಟಕ್ಕೆ ಲೆಕ್ಕವೇ ಇಲ್ಲ. ಇಲ್ಲದಿದ್ದು ನೋಡಿಸಿದರೆ ಆಗುವ ನೋವು ಹತ್ತು ನಿಮಿಷದ್ದು." ಕಾಲಿನ ವಿಷಯಕ್ಕೆ ಡಾಕ್ಟರೇ ಅತ್ತೆಯ ಎದುರು ತಮ್ಮ ಬೆನ್ನು ತಿರುಗಿಸಿ ತೋರಿಸಿದರು. "ಅಮ್ಮಾ, ನರದ ಬಳ್ಳಿ ಇಲ್ಲಿಗೆ ಮುಗಿಯುತ್ತದೆ. ಸೂಜಿ ಹಾಕುವುದು ಇಲ್ಲಿ, ಸೊಂಟದ ಹತ್ತಿರ. ತೆಗೆಯುವುದು ಕೆಲವು ಹನಿ. ಅಷ್ಟನ್ನು ದೇಹ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ." ಜರ್ಮನಿಯ ಕ್ವಿಂಕೆ ಎಂಬ ವೈದ್ಯ 1891ರಲ್ಲಿ ಬಳಕೆಗೆ ತಂದ ವಿಧಾನ ಅದು. ನೂರಮೂವತ್ತು ವರ್ಷಗಳಲ್ಲಿ ಕೋಟಿಗಟ್ಟಲೆ ಬೆನ್ನುಗಳು ಅದನ್ನು ಕಂಡಿವೆ. ಹಾಗಿದ್ದರೂ ಕಾಲು ಹೋಗುವ ಮಾತು ಎಲ್ಲಿಂದ ಬಂತು? ಮೆನಿಂಜೈಟಿಸ್ ಬಂದು ಉಳಿದ ಮಕ್ಕಳಲ್ಲಿ ಕೆಲವರಿಗೆ ಕಿವಿ ಹೋಗುತ್ತದೆ, ಕೈಕಾಲಿನ ಬಲ ಹೋಗುತ್ತದೆ. ಆ ಮಕ್ಕಳಿಗೆಲ್ಲ ಬೆನ್ನಿನ ನೀರೂ ತೆಗೆದಿರುತ್ತಾರೆ. ರೋಗ ಮಾಡಿದ್ದನ್ನು ಊರು ಸೂಜಿಯ ಖಾತೆಗೆ ಬರೆದಿರಬೇಕು.

ಅಕ್ಕ ಸಹಿ ಹಾಕಿದಳು. ಭಾವ ಹೊರಗೆ ಮಳೆಗೆ ಮುಖ ಮಾಡಿ ನಿಂತರು. ಒಳಗಿನಿಂದ ಮಗುವಿನ ಅಳು ಕೇಳಿಸಿತು, ನಿಂತಿತು. ಗಾಜಿನ ಸೀಸೆಯಲ್ಲಿ ತಂದ ನೀರು ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಬೆಳಗಾಗುವುದರೊಳಗೆ ಲ್ಯಾಬಿನಿಂದ ಕಣಗಳ ಎಣಿಕೆ ಸರಿಯಿದೆ ಎಂದು ಬಂತು. ಕಲ್ಚರಿಗೆ ಎರಡು ದಿನ ಕಾಯಬೇಕಿತ್ತು, ಅದರಲ್ಲೂ ಏನೂ ಬೆಳೆಯಲಿಲ್ಲ.

ರಕ್ತವನ್ನೂ ತೆಗೆದರು, ಮೂತ್ರವನ್ನೂ ನೋಡಿದರು. ಇದು ಭಾವನಿಗೆ ಸ್ವಲ್ಪ ಸಮಾಧಾನ ಕೊಟ್ಟಿತು, ಆದರೆ ಆ ಪರೀಕ್ಷೆಗಳು ಫಿಟ್ಸಿಗಾಗಿ ಅಲ್ಲ, ಜ್ವರಕ್ಕಾಗಿ. ಈ ವ್ಯತ್ಯಾಸ ನನಗೆ ಆಗ ಸ್ಪಷ್ಟವಾಯಿತು. ಮಗು ಎಚ್ಚರವಾಗಿ ಆಡುತ್ತಿರುವಾಗ, ಫಿಟ್ಸ್ ಯಾಕೆ ಬಂತೆಂದು ಹುಡುಕಿ ಸೋಡಿಯಂ, ಕ್ಯಾಲ್ಸಿಯಂ ಎಂದು ಪಟ್ಟಿ ಮಾಡಿ ರಕ್ತ ತೆಗೆದರೆ ಸಿಗುವುದು ಕಡಿಮೆ. ಜ್ವರ ಯಾಕೆ ಬಂತು ಎಂದು ಕೇಳಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜ್ವರಕ್ಕೆ ಮಲೇರಿಯ ನೋಡದೆ ಬಿಡುವ ಹಾಗಿಲ್ಲ. ಮಲೇರಿಯ ಮಿದುಳಿಗೇರಿದರೂ ಫಿಟ್ಸ್ ಬರುತ್ತದೆ. ಅಮೆರಿಕದ ಪಟ್ಟಿಯನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಲು ಬರುವುದಿಲ್ಲ ಎನ್ನುವುದಕ್ಕೆ ಇದು ಒಂದು ಉದಾಹರಣೆ. ಮಲೇರಿಯ ಇರಲಿಲ್ಲ. ಹಿಮೋಗ್ಲೋಬಿನ್ ಕಡಿಮೆಯಿತ್ತು. ಕಬ್ಬಿಣಾಂಶದ ಕೊರತೆಗೂ ಜ್ವರದ ಫಿಟ್ಸಿಗೂ ನಂಟಿದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಕಬ್ಬಿಣದ ಹನಿಗಳನ್ನು ಬರೆದುಕೊಟ್ಟರು.

ಮೂರನೆಯ ದಿನ ಜ್ವರ ಇಳಿಯಿತು, ಇಳಿದ ಬೆನ್ನಿಗೇ ಎದೆ, ಬೆನ್ನಿನ ಮೇಲೆ ಗುಲಾಬಿ ಬಣ್ಣದ ಸಣ್ಣ ಗಂಧೆಗಳೆದ್ದವು. ಅತ್ತೆ ಸೆರಗು ಸರಿಮಾಡಿಕೊಂಡು, "ಅಮ್ಮನವರು," ಎಂದರು. ಡಾಕ್ಟರ್ ರೋಸಿಯೋಲಾ ಎಂದರು. ಜೋರು ಜ್ವರ ಮೂರ್ನಾಲ್ಕು ದಿನ ಕಾದು, ಬಿಟ್ಟ ಮೇಲೆ ಗಂಧೆ ತೋರುವ ಮಕ್ಕಳ ಕಾಯಿಲೆ. ಅದರ ವೈರಸ್ ಯಾವುದೆಂದು ಜಪಾನಿನ ಸಂಶೋಧಕರು 1988ರಲ್ಲಿ ತೋರಿಸಿಕೊಟ್ಟರು. ಈ ವಯಸ್ಸಿನಲ್ಲಿ ಜ್ವರದ ಫಿಟ್ಸ್ ತರುವವುಗಳಲ್ಲಿ ಅದು ಮುಂದಿದೆ. ಅತ್ತೆ ಕಾಪುವಿನ ಮಾರಿಗುಡಿಗೆ ಹರಕೆ ಹೇಳಿದ್ದರು, ಆಟಿಯ ಮಾರಿಪೂಜೆಗೆ ಹೋಗಿ ತೀರಿಸಿ ಬಂದರು. ಸಿಡುಬು, ದಡಾರ ಎಲ್ಲ ಆ ತಾಯಿಯ ಹೆಸರಿನಲ್ಲೇ ಬಂದು ಹೋಗಿದ್ದ ಊರಿನಲ್ಲಿ ಯಾರೂ ಅದನ್ನು ಬೇಡ ಎನ್ನಲಿಲ್ಲ.

ಬಿಡುಗಡೆಯ ದಿನ ಭಾವನಿಗೆ ಕೊರತೆ ಕಾಡಿತು. ಸ್ಕ್ಯಾನ್ ಇಲ್ಲ, ತಲೆಗೆ ವಯರು ಹಚ್ಚಿ ತೆಗೆಯುವ ಇಇಜಿ ಇಲ್ಲ, ದಿನಾ ಕೊಡುವ ಮಾತ್ರೆ ಇಲ್ಲ. ಫಿಟ್ಸ್ ಬಂದರೆ ಏನು ಮಾಡಬೇಕು ಎಂಬ ಒಂದು ಹಾಳೆ ಮಾತ್ರ. ಮಗುವನ್ನು ಒಂದು ಬದಿಗೆ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಹಿಡಿದು ಅದುಮಬೇಡಿ. ಗಡಿಯಾರ ನೋಡಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಜ್ವರದ ಮಗುವಿಗೆ ಹಾಯೆನಿಸಲು ಕೊಡಿ, ಅದರಿಂದ ಫಿಟ್ಸ್ ತಪ್ಪುತ್ತದೆ ಎಂದಲ್ಲ.

"ಇಇಜಿ ಮಾಡಿದರೆ ಮುಂದೆ ಬರ್ತದಾ ಇಲ್ವಾ ಅಂತ ಗೊತ್ತಾಗ್ತಿತ್ತಲ್ಲ," ಎಂದು ಭಾವ ನನ್ನನ್ನು ಕೇಳಿದರು. ಇದು ನಿಜವಾಗಿ ನನ್ನ ಶಾಸ್ತ್ರದ ಪ್ರಶ್ನೆ. ಅಮೆರಿಕದಲ್ಲಿ ಜ್ವರದ ಫಿಟ್ಸ್ ಬಂದ 1,706 ಮಕ್ಕಳನ್ನು ಏಳು ವರ್ಷ ತುಂಬುವವರೆಗೆ ನೋಡಿ 1976ರಲ್ಲಿ ವರದಿ ಮಾಡಿದ್ದರು. ನೂರಕ್ಕೆ ಸುಮಾರು ಎರಡು ಮಕ್ಕಳಲ್ಲಿ ಮುಂದೆ ಅಪಸ್ಮಾರ ಕಾಣಿಸಿತ್ತು. ಮೊದಲಿನಿಂದ ಆರೋಗ್ಯವಾಗಿದ್ದು ಸರಳ ಫಿಟ್ಸ್ ಬಂದವರಲ್ಲಿ ಅದು ನೂರಕ್ಕೆ ಒಂದರ ಹತ್ತಿರ. ಈಗ ಒಂದು ಕಲ್ಪನೆ ಮಾಡಿ. ನೂರು ಮಕ್ಕಳಿಗೆ ಇಇಜಿ ಮಾಡಿದೆವು, ಹತ್ತು ಮಕ್ಕಳಲ್ಲಿ ಏನೋ ಒಂದು ಗೆರೆ ಏರುಪೇರಾಗಿ ಕಂಡಿತು ಎನ್ನಿ. ಅಪಸ್ಮಾರ ಬರಲಿರುವ ಆ ಒಂದು ಮಗು ಈ ಹತ್ತರಲ್ಲಿ ಇದ್ದರೂ ಒಂಬತ್ತು ಮಕ್ಕಳಿಗೆ ಸುಳ್ಳು ಹೆಸರು ಅಂಟಿತು. ಆ ಮಗು ಉಳಿದ ತೊಂಬತ್ತರಲ್ಲಿ ಇದ್ದರೆ ಅದಕ್ಕೂ ಪ್ರಯೋಜನವಾಗಲಿಲ್ಲ. ಫಿಟ್ಸ್ ಬಂದ ಮರುದಿನವೇ ಮಾಡಿದರೆ ಮಿದುಳಿನ ಅಲೆಗಳು ನಿಧಾನವಾಗಿ ಕಾಣುವುದೂ ಉಂಟು. ಪರೀಕ್ಷೆಯ ಉತ್ತರದಿಂದ ನಾವು ಮಾಡುವ ಕೆಲಸ ಬದಲಾಗುವುದಿಲ್ಲ ಎಂದಾದರೆ ಅದು ಹೆದರಿಕೆಯನ್ನು ಮಾತ್ರ ಅಳೆಯುತ್ತದೆ.

ಸುಳ್ಳು ಹೆಸರು ಅಂಟುವುದು ಎಂದರೆ ಏನೆಂದು ನಾನು ಕಾರ್ಕಳದ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ನೋಡಿದ್ದೆ. ಅಲ್ಲಿನ ಒಂದು ಹೆಣ್ಣುಮಗುವಿಗೆ ಮೂರು ವರ್ಷದಲ್ಲಿ ಜ್ವರ ಬಂದು ಒಂದೇ ಸಲ ಫಿಟ್ಸ್ ಬಂದಿತ್ತು. ಬೇರೊಂದು ಊರಿನ ಕ್ಲಿನಿಕ್ಕಿನಲ್ಲಿ ಮರುದಿನವೇ ಸ್ಕ್ಯಾನ್, ಇಇಜಿ ಎರಡೂ ಆಯಿತು. ಸ್ಕ್ಯಾನ್ ಸರಿ, ಇಇಜಿಯಲ್ಲಿ ಏನೋ ಇದೆ ಎಂದು ದಿನಕ್ಕೆ ಎರಡು ಸಲ ಔಷಧಿ ಶುರುವಾಯಿತು. ಮಗು ಅಂಗಳದಲ್ಲಿ ಆಡುವುದು ಬಿಟ್ಟು ಮಧ್ಯಾಹ್ನವೆಲ್ಲ ತೂಕಡಿಸುತ್ತಿತ್ತು. ತಾಯಿ ಎಲ್‌ಕೆಜಿ ಸೇರಿಸುವಾಗ ಶಾಲೆಯಲ್ಲಿ ಹೇಳಲಿಲ್ಲ. ಔಷಧಿಯ ಬಾಟಲಿಯ ಲೇಬಲ್ ಕಿತ್ತು ಟಾನಿಕ್ ಎನ್ನುತ್ತಿದ್ದರು. "ಹೆಣ್ಣು ಮಗು ಅಲ್ವಾ ಮಾರಾಯ್ತಿ, ನಾಳೆ ಯಾರಿಗಾದರೂ ಗೊತ್ತಾದರೆ," ಎಂದು ನನ್ನ ಅಮ್ಮನ ಹತ್ತಿರ ಹೇಳಿದ್ದರಂತೆ. ಎರಡು ವರ್ಷದ ಮೇಲೆ ಮತ್ತೊಬ್ಬ ವೈದ್ಯರು ಎಲ್ಲ ಕಾಗದ ನೋಡಿ, ಔಷಧಿಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಈಗ ಆ ಹುಡುಗಿ ಮೂರನೆಯ ಕ್ಲಾಸು, ಎಲ್ಲರಿಗಿಂತ ಜೋರು. ಆದರೆ ತಾಯಿ ಅವಳನ್ನು ಇನ್ನೂ ಒಬ್ಬಳೇ ಕೆರೆಯ ಕಡೆ ಬಿಡುವುದಿಲ್ಲ.

ಅಪಸ್ಮಾರ ಇರುವ ಮಗುವಿಗೆ ಔಷಧಿ ಬಹಳ ದೊಡ್ಡ ಉಪಕಾರ, ಅದನ್ನು ತಾವಾಗಿ ನಿಲ್ಲಿಸಲೇಬಾರದು. ಜ್ವರದ ಫಿಟ್ಸಿನ ಲೆಕ್ಕ ಬೇರೆ. ಒಂದು ಕಾಲದಲ್ಲಿ ಇದಕ್ಕೆ ದಿನಾ ಫಿನೊಬಾರ್ಬಿಟಾಲ್ ಕೊಡುವುದು ಪದ್ಧತಿಯಾಗಿತ್ತು. 1990ರಲ್ಲಿ ಅಮೆರಿಕದ 217 ಮಕ್ಕಳ ಒಂದು ಅಧ್ಯಯನ, ಎರಡು ವರ್ಷ ಆ ಔಷಧಿ ಪಡೆದವರ ಬುದ್ಧಿಮತ್ತೆಯ ಸರಾಸರಿ ಅಂಕ ಪಡೆಯದವರಿಗಿಂತ ಏಳೆಂಟು ಕಡಿಮೆ ಇತ್ತೆಂದೂ, ಫಿಟ್ಸ್ ಮರುಕಳಿಸುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲವೆಂದೂ ತೋರಿಸಿತು. ಅದೂ 'ಏನಾದರೂ ಮಾಡಬೇಕು' ಎಂಬ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ ಪದ್ಧತಿ. ಅತ್ತೆಯ ಕಾಲದ ಬರೆಯೂ ಹಾಗೆ ಹುಟ್ಟಿದ್ದು, ಭಾವನ ಸ್ಕ್ಯಾನಿನ ಹಟವೂ ಹಾಗೇ. ಮೂರೂ ಒಂದೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಹೆದರಿದ ಮನೆಗೆ ಸುಮ್ಮನೆ ನೋಡುತ್ತಾ ಇರಿ ಎಂದು ಹೇಳಿ, ಅದನ್ನು ನಂಬುವ ಹಾಗೆ ವಿವರಿಸಲು ಬೇಕಾಗುವ ಅರ್ಧ ಗಂಟೆ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಆ ರಾತ್ರಿಯ ಡಾಕ್ಟರ್ ಆ ಅರ್ಧ ಗಂಟೆಯನ್ನು ನಮಗೆ ಕೊಟ್ಟರು. ಬೆನ್ನಿನ ನೀರಿಗೆ ಒಪ್ಪಿಸಲು ಎಷ್ಟು ಹೊತ್ತು ಕುಳಿತರೋ, ಸ್ಕ್ಯಾನ್ ಬೇಡವೆಂದು ಒಪ್ಪಿಸಲೂ ಅಷ್ಟೇ ಹೊತ್ತು ಕುಳಿತರು.

ಹೊರಡುವಾಗ ಅವರು ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದ್ದರು: ವರ್ಷದೊಳಗೆ ಮೊದಲ ಸಲ ಬಂದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಮತ್ತೊಮ್ಮೆ ಬರುತ್ತದೆ. ನಮ್ಮ ಮಗು ಆ ಅರ್ಧದಲ್ಲಿ ಸೇರಿತು. ಈ ಜನವರಿಯಲ್ಲಿ ಹದಿನಾರು ತಿಂಗಳಾಗಿದ್ದಾಗ, ಮಧ್ಯಾಹ್ನ, ಶೀತಜ್ವರ ಬಂದ ಮೊದಲ ದಿನವೇ. ನಾನು ಆಗ ಉಡುಪಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಫೋನ್ ಮಾಡಿದ್ದು ಅಕ್ಕ, ಎಲ್ಲ ಮುಗಿದ ಮೇಲೆ. ಮಗುವನ್ನು ಬದಿಗೆ ಮಲಗಿಸಿದ್ದು ಅವಳು. ಗೋಡೆ ಗಡಿಯಾರ ನೋಡುತ್ತಾ ನಿಮಿಷ ಕೂಗಿ ಹೇಳಿದ್ದು ಅತ್ತೆ. ಎರಡು ನಿಮಿಷ ಹತ್ತು ಸೆಕೆಂಡು. ಭಾವ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು, ಕೈ ನಡುಗಿ ಅರ್ಧ ಚಿತ್ರದಲ್ಲಿ ಮಾಡಿನ ಹಂಚು ಮಾತ್ರ ಕಾಣುತ್ತದೆ. ಆದರೂ ಸಂಜೆ ಡಾಕ್ಟರಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಒಂಬತ್ತನೆಯ ತಿಂಗಳ ಚೌಕಗಳು ಆಗಸ್ಟಿನಲ್ಲೇ ತುಂಬಿದ್ದವು. ಯಾವ ಸಿರಪ್ಪೂ ಕೊಟ್ಟಿರಲಿಲ್ಲ. ಮಗುವನ್ನು ಅಡಿಯಿಂದ ಮುಡಿವರೆಗೆ ನೋಡಿ, ಎರಡು ಗಂಟೆ ಅಲ್ಲೇ ಆಡಲು ಬಿಟ್ಟು, ಮನೆಗೆ ಹೋಗಬಹುದು ಎಂದರು.

"ಟೆಸ್ಟ್ ಎಂತದೂ ಇಲ್ವಾ?" ಎಂದು ಕೇಳಿದೆ, ಭಾವನನ್ನು ಸ್ವಲ್ಪ ಕೆಣಕಲು.

"ಎಲ್ಲ ಟೆಸ್ಟ್ ಮಾಡಿದ್ರು," ಎಂದರು ಭಾವ. "ನಮ್ಮತ್ರ ಅರ್ಧ ಗಂಟೆ ಕೇಳಿದ್ರು."